ಆತ್ಮಸಂಯಮದ ಬೇರುಗಳು: ಮನೆ, ಮನಸ್ಸು ಮತ್ತು ವಿದ್ಯಾರ್ಥಿ

ಶಾಸನ, ಅನುಶಾಸನ, ಶಾಸ್ತ್ರ, ಶಿಷ್ಯ ಎಂಬ ಶಬ್ದಗಳೆಲ್ಲವೂ ‘ಶಾಸ್’ ಎಂಬ ಒಂದೇ ಸಂಸ್ಕೃತ ಧಾತುವಿನಿಂದ ನಿಷ್ಪನ್ನವಾದುವು. ಆ ಧಾತುವಿಗೆ ಆಳುವುದು ಎಂಬ ಅರ್ಥವಿರುವಂತೆಯೇ ಕಲಿಸುವುದು ಎಂಬ ಅರ್ಥವೂ ಉಂಟು. ಆಂಗ್ಲರ ‘ಡಿಸಿಪ್ಲಿನ್’ ಎಂಬ ಶಬ್ದವೂ ಶಿಷ್ಯನೆಂಬ ಅರ್ಥವುಳ್ಳ ಲ್ಯಾಟಿನ್ ಪದದಿಂದಲೇ ಹುಟ್ಟಿದೆ. ಶಿಸ್ತೆಂದರೆ ದಂಡನೆಯೆಂದು ಲೋಕವು ಭಾವಿಸಿದ್ದರೂ ಶಬ್ದಗಳ ಇತಿಹಾಸವು ಬೇರೊಂದನ್ನು ಹೇಳುತ್ತದೆ. ಅದು ಮೂಲತಃ ಕಲಿಕೆಗೆ ಸಂಬಂಧಿಸಿದ್ದು.

ಈ ವಿವೇಚನೆಯು ಕೇವಲ ಶಬ್ದಚರ್ಚೆಗಾಗಿ ಅಲ್ಲ. ಶಾಲೆಯಲ್ಲಿದ್ದಾಗ ಮುಂಜಾನೆ ಐದಕ್ಕೆ ಎದ್ದು, ಪ್ರಾರ್ಥನೆ ಮುಗಿಸಿ, ಪಾಠವನ್ನು ತಪ್ಪದೆ ಒಪ್ಪಿಸುತ್ತಿದ್ದ ಹುಡುಗನು ವಿಶ್ವವಿದ್ಯಾನಿಲಯದ ಮೆಟ್ಟಿಲೇರಿದ ಒಂದೆರಡು ವರ್ಷಗಳಲ್ಲಿಯೇ ತರಗತಿಗಳಿಗೆ ಗೈರುಹಾಜರಾಗುವುದು, ರಾತ್ರಿಯೆಲ್ಲ ಮೊಬೈಲ್ ಹಿಡಿದು ಹಗಲೆಲ್ಲ ಮಲಗುವುದು, ಪರೀಕ್ಷೆ ಸಮೀಪಿಸಿದಾಗ ಕಂಗೆಡುವುದು ಅನೇಕ ಮನೆಗಳ ಅನುಭವವಾಗಿದೆ. ಬುದ್ಧಿಯೇನೂ ಕುಂದಲಿಲ್ಲ, ಎಬ್ಬಿಸುವ ಗಂಟೆ ಮಾತ್ರ ನಿಂತಿತು. ಹಾಗಾದರೆ ಅವನಲ್ಲಿದ್ದದ್ದು ಶಿಸ್ತೋ, ಗಂಟೆಯ ಭಯವೋ ಎಂಬ ಪ್ರಶ್ನೆಯು ಪೋಷಕರ ಮುಂದೆಯೂ ಶಿಕ್ಷಕರ ಮುಂದೆಯೂ ನಿಲ್ಲುತ್ತದೆ. ಉತ್ತರವನ್ನು ಅರಸುವವರು ಅವನ ಬಾಲ್ಯದವರೆಗೆ ಹಿಂದಕ್ಕೆ ನಡೆಯಬೇಕಾಗುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞನು 1960ರ ದಶಕದ ಉತ್ತರಾರ್ಧದಿಂದ ಒಂದು ಪ್ರಯೋಗವನ್ನು ನಡೆಸಿದನು. ಮಗುವಿನ ಮುಂದೆ ಒಂದು ಮಿಠಾಯಿಯನ್ನಿಟ್ಟು, ಈಗಲೇ ತಿಂದರೆ ಇದೊಂದೇ, ಹಿಂದಿರುಗುವವರೆಗೆ ಕಾದರೆ ಎರಡು ಎಂದು ಹೇಳಿ ಹೊರಗೆ ಹೋಗುವುದು ಅದರ ಕ್ರಮ. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ವಿದ್ಯಾಭ್ಯಾಸದಲ್ಲಿಯೂ ಮೇಲಾದರೆಂಬ ವಾರ್ತೆಯು ಲೋಕಪ್ರಸಿದ್ಧವಾಯಿತು. ಸಂಯಮವು ಹುಟ್ಟುಗುಣವೆಂದು ಹಲವರು ತೀರ್ಮಾನಿಸಿಯೂ ಬಿಟ್ಟರು. ಆದರೆ 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮನೆಯ ಸ್ಥಿತಿಗತಿಗಳನ್ನೂ ಗಣನೆಗೆ ತೆಗೆದುಕೊಂಡಾಗ ಆ ಸಂಬಂಧವು ಬಹುಮಟ್ಟಿಗೆ ಕುಗ್ಗಿತು. ಸಂಯಮವೆಂದು ಎಣಿಸಿದ್ದುದರ ಹಿಂದೆ ಮನೆಯಿತ್ತು.

ಮನೆಯು ಹೇಗೆ ಕೆಲಸಮಾಡುತ್ತದೆಂಬುದಕ್ಕೆ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವು ಸೊಗಸಾದ ನಿದರ್ಶನ. ಇಪ್ಪತ್ತೆಂಟು ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಒಳ್ಳೆಯ ಬಣ್ಣಗಳನ್ನು ತಂದುಕೊಡುವೆವೆಂದು ಹೇಳಿ ಹಾಗೆಯೇ ತಂದುಕೊಟ್ಟರು. ಉಳಿದವರಿಗೆ ಮಾತುಕೊಟ್ಟು ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿಯ ಪರೀಕ್ಷೆ. ಮಾತು ನಡೆದುದನ್ನು ಕಂಡ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದುದನ್ನು ಕಂಡವರು ಮೂರೇ ನಿಮಿಷ. ಈ ಎರಡನೆಯ ಮಕ್ಕಳನ್ನು ಚಪಲಚಿತ್ತರೆನ್ನಲಾಗದು. ನಾಳೆಯು ಬರುವುದೆಂಬ ಭರವಸೆಯಿಲ್ಲದವನು ಇಂದಿನದನ್ನು ಉಣ್ಣುವುದೇ ಲೆಕ್ಕಾಚಾರ. ಆದುದರಿಂದ ಸಂಯಮದ ಮೊದಲ ಬೇರು ವಿಶ್ವಾಸ. ಕೊಟ್ಟ ಮಾತನ್ನು ನಡೆಸುವ ತಂದೆಯೂ, ಇಂದು ತಪ್ಪೆಂದುದನ್ನು ನಾಳೆಯೂ ತಪ್ಪೆನ್ನುವ ತಾಯಿಯೂ ಉಪದೇಶವಿಲ್ಲದೆಯೇ ಮಕ್ಕಳಿಗೆ ಶಿಸ್ತನ್ನು ಕಲಿಸುತ್ತಿರುತ್ತಾರೆ.

ಎರಡನೆಯದು, ಪೋಷಕರು ಆಳುವ ರೀತಿ. ಬರ್ಕ್‌ಲಿಯ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಇದನ್ನು ಮೂರಾಗಿ ವಿಂಗಡಿಸಿದಳು: ಕಾರಣ ಹೇಳದೆ ಆಜ್ಞಾಪಿಸುವುದು, ಯಾವುದನ್ನೂ ತಡೆಯದೆ ಬಿಟ್ಟುಬಿಡುವುದು, ನಿಯಮವನ್ನು ದೃಢವಾಗಿಟ್ಟು ಅದರ ಕಾರಣವನ್ನು ಪ್ರೀತಿಯಿಂದ ತಿಳಿಸುವುದು. ಮೂರನೆಯ ಬಗೆಯ ಮನೆಗಳ ಮಕ್ಕಳಲ್ಲಿಯೇ ಸ್ವಾವಲಂಬನೆಯೂ ಸಂಯಮವೂ ಅಧಿಕವಾಗಿ ಕಂಡುಬಂದುವು. ಕಾರಣ ತಿಳಿದ ನಿಯಮವನ್ನು ಮಗು ತನ್ನದಾಗಿ ಮಾಡಿಕೊಳ್ಳುತ್ತದೆ. ಆಜ್ಞೆಯಾದರೋ ಆಜ್ಞಾಪಿಸಿದವರ ಮನೆಯಲ್ಲಿಯೇ ಉಳಿದುಬಿಡುತ್ತದೆ, ಹಾಸ್ಟೆಲಿನವರೆಗೆ ಬರುವುದಿಲ್ಲ.

ಮನೆಯು ಹಾಕಿದ ತಳಹದಿಯ ಮೇಲೆ ಕಟ್ಟಬೇಕಾದವನು ವಿದ್ಯಾರ್ಥಿಯೇ. ಎಡವಿದ ವಿದ್ಯಾರ್ಥಿಯು ತನ್ನನ್ನು ತಾನು ಹಳಿದುಕೊಂಡರೆ ತಿದ್ದಿಕೊಳ್ಳುವನೆಂಬುದು ಸಾಮಾನ್ಯ ನಂಬಿಕೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದ ಪ್ರಥಮ ವರ್ಷದ ವಿದ್ಯಾರ್ಥಿಗಳ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ವಿರುದ್ಧವಾದುದನ್ನು ತೋರಿಸಿತು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿ, ಆ ತಪ್ಪಿಗಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರೇ ಎರಡನೆಯ ಪರೀಕ್ಷೆಗೆ ಕಡಮೆ ಮುಂದೂಡಿದರು. ನಾಚಿಕೆಯು ಮನಸ್ಸನ್ನು ಪುಸ್ತಕದಿಂದ ಇನ್ನಷ್ಟು ದೂರ ಓಡಿಸುತ್ತದೆ. ಕ್ಷಮೆಯು ಹಿಂದಿರುಗುವ ಬಾಗಿಲನ್ನು ತೆರೆದಿಡುತ್ತದೆ. ಇದರೊಡನೆ ‘ಚೆನ್ನಾಗಿ ಓದುವೆನು’ ಎಂಬ ಬರಿಯ ಸಂಕಲ್ಪಕ್ಕಿಂತ ‘ಸಂಜೆಯ ಊಟವಾದೊಡನೆ ಗ್ರಂಥಾಲಯದಲ್ಲಿ ಕುಳಿತುಕೊಳ್ಳುವೆನು’ ಎಂಬ ಕಾಲದೇಶಗಳುಳ್ಳ ಸಂಕಲ್ಪವು ಹೆಚ್ಚು ಫಲಕಾರಿಯೆಂದು ಮನಶ್ಶಾಸ್ತ್ರವು ಹೇಳುತ್ತದೆ. ನಿತ್ಯವೂ ಹೋರಾಡಿ ಗೆಲ್ಲುವುದಕ್ಕಿಂತ ಹೋರಾಟವೇ ಬೇಡವಾಗುವಂತೆ ಅಭ್ಯಾಸವನ್ನು ರೂಢಿಸಿಕೊಳ್ಳುವುದು ಸುಲಭ.

ಈ ದೃಷ್ಟಿಯಿಂದ ನೋಡಿದಾಗ ನಮ್ಮ ಮಠಗಳ ಪ್ರಸಾದ ನಿಲಯಗಳ ಮಹತ್ತ್ವವು ಹೊಸದಾಗಿ ಗೋಚರಿಸುತ್ತದೆ. ಬಡತನವು ಎಷ್ಟೋ ಮನೆಗಳ ಮಾತನ್ನು ಅವುಗಳ ಇಚ್ಛೆಗೆ ವಿರುದ್ಧವಾಗಿಯೇ ತಪ್ಪಿಸುತ್ತದೆ. ಮಳೆ ಬಾರದ ವರ್ಷ ಪುಸ್ತಕವೂ ಬಾರದು. ಅಂತಹ ಮನೆಯ ಮಗುವಿಗೆ ಗಂಟೆ ಹೊಡೆದೊಡನೆ ಅನ್ನವು ಬಂದೇ ಬರುವುದೆಂಬ ಅನುಭವವನ್ನು ದಾಸೋಹವು ನೀಡುತ್ತದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಸಹಸ್ರಾರು ಮಕ್ಕಳಿಗೆ ನಿತ್ಯವೂ ಇಕ್ಕಿದ್ದು ಅನ್ನವನ್ನಷ್ಟೇ ಅಲ್ಲ, ನಾಳೆಯ ಮೇಲಿನ ನಂಬಿಕೆಯನ್ನೂ ಸಹ. ದಾನಿಗಳು ಕೊಟ್ಟ ಒಂದೊಂದು ಚೀಲ ಧಾನ್ಯದಲ್ಲಿಯೂ ಈ ನಂಬಿಕೆಯ ಪಾಲಿದೆ.

ಆದರೂ ಗಂಟೆಯೇ ಗುರಿಯಾಗಬಾರದು. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಕುಳಿತವನನ್ನು ಪರೀಕ್ಷಿಸುವ ಮೇಲ್ವಿಚಾರಕನಿಲ್ಲ. ಏಕಾಗ್ರತೆಯು ಉಳಿಯಿತೋ ಚದುರಿತೋ ಎಂಬುದನ್ನು ಅವನೊಬ್ಬನೇ ಬಲ್ಲನು. ವಿದ್ಯಾಭ್ಯಾಸದ ಶಿಸ್ತೂ ಅಲ್ಲಿಗೆ ಮುಟ್ಟಬೇಕು. ಮೇಲಿನ ತರಗತಿಗಳಿಗೆ ಬಂದಂತೆ ವೇಳಾಪಟ್ಟಿಯನ್ನು ವಿದ್ಯಾರ್ಥಿಯ ಕೈಗೇ ಕೊಡುವುದು, ನಿಯಮದ ಕಾರಣವನ್ನು ಅವನೊಡನೆ ಚರ್ಚಿಸುವುದು, ತಪ್ಪಿದಾಗ ಗದರಿಸದೆ ಮರಳಿ ಕೂರಿಸುವುದು ಶಿಕ್ಷಕರ ಹೊಣೆ. ಗಂಟೆಯಿಲ್ಲದ ಊರಿನಲ್ಲಿಯೂ ಹೊತ್ತಿಗೆ ಸರಿಯಾಗಿ ಏಳುವ ವಿದ್ಯಾರ್ಥಿಯೇ ಶಾಲೆಗೆ ನಿಜವಾದ ಕೀರ್ತಿ.