ಹಳೆ ಏರ್‌ಕೂಲ್ಡ್ ಟ್ರ್ಯಾಕ್ಟರಿನ ಬಿಸಿ: ಬಣಿವಿ ಸುಟ್ಟ ಮೇಲೆ ಕಲಿತ ಪಾಠ

ಹಳೆ ಟ್ರ್ಯಾಕ್ಟರಿಗೆ ಹೊಸ ಬಣ್ಣ ಹಚ್ಚಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಹಿಂಗಾರಿ ಜೋಳದ ರಾಶಿ ನಡೆದಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಸೈಲೆನ್ಸರ್ ಮೇಲೆ ಕೂತ ಹೊಟ್ಟು ಹೊಗೆಯಾಡಿತು. ‘ಅಯ್ಯ ಹೊಗಿ’ ಅನ್ನುವುದರೊಳಗೆ ಕಿಡಿ ಗಾಳಿಗೆ ಹಾರಿ ಕಣಕಿ ಬಣಿವಿಯ ಮೇಲೆ ಬಿತ್ತು. ಕೊಡದಲ್ಲಿದ್ದ ಕುಡಿಯುವ ನೀರು ಬಿಟ್ಟರೆ ಕಣದಲ್ಲಿ ಬೇರೆ ನೀರಿರಲಿಲ್ಲ. ಜೋಳದ ಚೀಲಗಳನ್ನು ಎಳೆದು ಉಳಿಸಿಕೊಂಡೆವು, ಟ್ರ್ಯಾಕ್ಟರನ್ನೂ ದೂರ ಒಯ್ದೆವು. ಎರಡು ಎತ್ತು, ಒಂದು ಎಮ್ಮಿಗೆ ವರ್ಷಪೂರ್ತಿ ಆಗುತ್ತಿದ್ದ ಮೇವು ಮಾತ್ರ ಒಂದು ತಾಸಿನಲ್ಲಿ ಬೂದಿಯಾಯಿತು.

ಒಣ ಬೇಸಾಯದವರಿಗೆ ಬಣಿವಿ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. 2016ರ ಬ್ಯಾಸಗಿಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಒಯ್ದದ್ದನ್ನು ಕಂಡವರು ನಾವು. ಅಂಥಾ ವರ್ಷ ದುಡ್ಡು ಕೊಟ್ಟರೂ ಕಣಕಿ ಸಿಗುವುದಿಲ್ಲ. ಆ ಸಲ ಎತ್ತು ಉಳಿಸಲಿಕ್ಕೆ ಎಮ್ಮಿ ಮಾರಬೇಕಾಯಿತು. ನಮ್ಮ ಮನೆಯಾಕೆ ಒಂದೇ ಮಾತು ಅಂದಳು: “ಬಣ್ಣ ಭಾಳ ಚಂದ ಆಗೇತಿ. ಆದರ ದನಾ ಏನ ಬಣ್ಣ ತಿಂತಾವೇನು?”

ಆ ಮಾತೇ ಈ ಲೇಖನಕ್ಕೆ ಕಾರಣ.

ಈ ಟ್ರ್ಯಾಕ್ಟರ್ ಯಾಕೆ ತಂದೆ

ಚಿಕ್ಕೋಡಿ, ರಾಯಬಾಗ ಕಡೆಯ ಕಬ್ಬಿನ ರೈತರು ದೊಡ್ಡ ದೊಡ್ಡ ಟ್ರ್ಯಾಕ್ಟರ್ ಇಟ್ಟಿದ್ದಾರೆ. ನನ್ನದು ಅಥಣಿ ತಾಲೂಕಿನಲ್ಲಿ ಹೊಳಿ ನೀರು ಮುಟ್ಟದ ಎಂಟು ಎಕರೆ. ಜೋಳ, ಕಡಲಿ, ತೊಗರಿ ಇಷ್ಟೇ. ಹೊಸ ಟ್ರ್ಯಾಕ್ಟರಿನ ಸಾಲ ನಮ್ಮಂಥವರಿಗೆ ಹೊರಲಾಗದ ಹೊರೆ. ಅದಕ್ಕೆ ಬೇಲಿ ಬದಿಗೆ ತುಕ್ಕು ಹಿಡಿದು ನಿಂತಿದ್ದ ಒಂಟಿ ಸಿಲಿಂಡರಿನ ಹಳೆ ಐಷರ್ ಕೊಂಡು ತಂದೆ.

ಐಷರ್ ಅಂದರೆ ಹಳಬರಿಗೆ ಗೊತ್ತು. 1959ರಲ್ಲಿ ನಮ್ಮ ದೇಶದಲ್ಲೇ ಕಟ್ಟಿದ ಮೊದಲ ಟ್ರ್ಯಾಕ್ಟರ್ ಫರೀದಾಬಾದದಿಂದ ಹೊರಗೆ ಬಂತಲ್ಲ, ಅದು ಇದೇ ಐಷರ್. ಮೂಲ ಜರ್ಮನಿಯದು. 2005ರಲ್ಲಿ ಈ ಟ್ರ್ಯಾಕ್ಟರ್ ವ್ಯವಹಾರ ಟಾಫೆ ಕಂಪನಿಯವರ ಕೈಗೆ ಹೋಯಿತು. ಇದರ ಹಳೆ ಇಂಜಿನ್ನುಗಳಿಗೆ ರೇಡಿಯೇಟರ್ ಇಲ್ಲ, ನೀರು ಹಾಕುವುದಿಲ್ಲ. ಬೆಲ್ಟಿನ ಮೇಲೆ ತಿರುಗುವ ಬ್ಲೋವರ್ ಗಾಳಿ ಊದುತ್ತದೆ, ಆ ಗಾಳಿಯೇ ಇಂಜಿನ್ ತಣಿಸಬೇಕು. ಕುಡಿಯುವ ನೀರಿಗೇ ತತ್ವಾರ ಇರುವ ಊರಿಗೆ ಇದು ಹೇಳಿ ಮಾಡಿಸಿದ ಯಂತ್ರ. ಕುದಿಯಲು ನೀರಿಲ್ಲ, ಒಡೆಯಲು ಪೈಪಿಲ್ಲ.

ಆದರೆ ಒಂದು ಮಾತು. ನೀರಿನ ಇಂಜಿನ್ ಕಾದರೆ ರೇಡಿಯೇಟರ್ ಕುದ್ದು ಹಬೆ ಎಬ್ಬಿಸಿ ಹೇಳುತ್ತದೆ. ಗಾಳಿಯ ಇಂಜಿನ್ ಬಾಯಿ ಬಿಟ್ಟು ಹೇಳುವುದಿಲ್ಲ. ಸುಮ್ಮನೆ ಕಾಯುತ್ತಾ ಹೋಗುತ್ತದೆ.

ಬಿಸಿಯ ಲೆಕ್ಕ

ನೂರು ರೂಪಾಯಿ ಡೀಸೆಲ್ ಸುಟ್ಟರೆ ಕೆಲಸಕ್ಕೆ ಬರುವುದು ಸುಮಾರು ಮೂವತ್ತು ರೂಪಾಯಿಯಷ್ಟು ಶಕ್ತಿ. ಹೆಚ್ಚು ಕಡಿಮೆ ಅಷ್ಟೇ ಬಿಸಿ ಹೊಗೆಯ ಸಂಗಡ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದದ್ದನ್ನು ಸಿಲಿಂಡರ್ ಮತ್ತು ಹೆಡ್ಡಿನ ಮೇಲಿನ ಫಿನ್ನುಗಳು, ಒಳಗಿನ ಆಯಿಲ್ ಹೊರಹಾಕಬೇಕು. ಅಂದರೆ ಬಿಸಿಗೆ ಎರಡು ದಾರಿ. ಒಂದು ಹೊಗೆಯ ದಾರಿ, ಇನ್ನೊಂದು ಗಾಳಿಯ ದಾರಿ. ಎರಡರಲ್ಲಿ ಯಾವುದು ಕಟ್ಟಿದರೂ ಕೇಡು.

ಪೂರ್ತಿ ಭಾರ ಬಿದ್ದಾಗ ಡೀಸೆಲ್ ಇಂಜಿನ್ನಿನಿಂದ ಹೊರಬೀಳುವ ಹೊಗೆ 500 ಡಿಗ್ರಿ ಮುಟ್ಟಬಹುದು. ಒಣ ಹೊಟ್ಟು, ಕಣಕಿ, ಕಬ್ಬಿನ ರವದಿ ಇವಕ್ಕೆ ಬೆಂಕಿ ಹತ್ತಲಿಕ್ಕೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಿಸಿ ಸಾಕು. ರಾಶಿ ಮಷೀನಿಗೆ ಹಚ್ಚಿದಾಗ ಟ್ರ್ಯಾಕ್ಟರ್ ನಿಂತಲ್ಲೇ ನಿಂತು ತಾಸುಗಟ್ಟಲೆ ಭಾರ ಎಳೆಯುತ್ತದೆ. ಸುತ್ತ ಹೊಟ್ಟು ಹಾರುತ್ತಿರುತ್ತದೆ. ಇದಕ್ಕಿಂತ ಕೆಟ್ಟ ಪರಿಸ್ಥಿತಿ ಮತ್ತೊಂದಿಲ್ಲ.

ಚಂದ ಮಾಡಲು ಹೋಗಿ ಕೆಡಿಸಿದ್ದು

ಬೆಂಕಿ ಬಿದ್ದ ಮೇಲೆ ಮಿರಜ ಕಡೆಯ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರಕೊಂಡು ಬಂದೆ. ವಯಸ್ಸು ಎಪ್ಪತ್ತು ದಾಟಿದೆ. ಬಾನೆಟ್ ತೆಗೆದವರೇ ನನ್ನ ಮುಖ ನೋಡಿದರು.

“ತಮ್ಮಾ, ಇದರ ಗ್ವಾಡಿ ಎಲ್ಲಿ ಹ್ವಾದೂ?”

“ಗ್ವಾಡಿ ಅಂದ್ರ ಏನ್ ಚಾಚಾ?”

“ಪತ್ರಾ ಇರತಾವಲ್ಲೋ ಸಿಲಿಂಡರ್ ಸುತ್ತ. ಜೋಳ ತೂರಬೇಕಾದ್ರ ಗಾಳಿ ಒಂದ ಕಡೆ ಬರಬೇಕೋ ಬ್ಯಾಡೋ? ಗ್ವಾಡಿ ಇಲ್ಲದ ಈ ಗಾಳಿ ಊರೆಲ್ಲಾ ಅಡ್ಡಾಡಿ ಬರತೇತಿ, ಹೆಡ್ಡಿಗೆ ಮಾತ್ರ ಹತ್ತೂದಿಲ್ಲ.”

ಆಗ ತಿಳಿಯಿತು. ಇಂಜಿನ್ ಕಟ್ಟಿದ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಎರಡು ಪತ್ರಾ ತುಂಡುಗಳನ್ನು ‘ಇವು ಬೇಕಿಲ್ಲ’ ಅಂತ ಬಿಸಾಕಿದ್ದರು. ನಾನೂ ‘ಇಂಜಿನ್ ಚಂದ ಕಾಣತೇತಿ’ ಅಂತ ಸುಮ್ಮನಿದ್ದೆ. ಚಾಚಾ ಒಂದೊಂದಾಗಿ ತಪ್ಪು ತೋರಿಸುತ್ತ ಹೋದರು.

ಎರಡನೆಯದು ಬಣ್ಣ. ಫಿನ್ನಿನ ಮೇಲೆ ಎರಡು ಮೂರು ಕೈ ದಪ್ಪ ಬಣ್ಣ ಬಳಿಸಿದ್ದೆ. ದಪ್ಪ ಬಣ್ಣ ಬ್ಯಾಸಗಿಯಲ್ಲಿ ಕಂಬಳಿ ಹೊದಿಸಿದ ಹಾಗೆ. ಅದರ ಮೇಲೆ ಆಯಿಲ್ ಸೋರಿ, ಆಯಿಲಿಗೆ ಹೊಟ್ಟು ಧೂಳು ಮೆತ್ತಿ ಫಿನ್ನಿನ ಸಂದಿಗಳೇ ಮುಚ್ಚಿಹೋಗಿದ್ದವು.

ಮೂರನೆಯದು ಎಕ್ಸಾಸ್ಟ್ ವಾಲ್ವಿನ ಸಂದು. ಬಿಗಿಯಾಗಿತ್ತು. ಬಿಸಿಗೆ ವಾಲ್ವ್ ಉದ್ದವಾಗುತ್ತದೆ. ಸಂದು ಕಡಿಮೆ ಇದ್ದರೆ ಪೂರ್ತಿ ಮುಚ್ಚುವುದಿಲ್ಲ. ಸುಡುವ ಹೊಗೆ ಅಲ್ಲಿಂದ ನುಸುಳಿ ವಾಲ್ವಿನ ಬಾಯಿ ಸುಡುತ್ತದೆ, ಸೈಲೆನ್ಸರನ್ನೂ ಕಾಯಿಸುತ್ತದೆ.

ನಾಲ್ಕನೆಯದೇ ದೊಡ್ಡ ತಪ್ಪು. ಮೇಲಕ್ಕೆ ನಿಂತಿದ್ದ ಸೈಲೆನ್ಸರನ್ನು ಕೆಳಗೆ ಮಲಗಿಸಿ ಹಿಂದಕ್ಕೆ ತಿರುಗಿಸಿದ್ದೆವು. ಹೊಗೆ ಮುಖಕ್ಕೆ ಬರುತ್ತದೆ ಅನ್ನುವುದು ನೆಪ. ಹೊಟ್ಟು ಬಂದು ಕೂರಲಿಕ್ಕೆ ಅದೊಂದು ಕಟ್ಟೆ ಆಯಿತು.

ತಪ್ಪು ಯಂತ್ರದ್ದಲ್ಲ. ಯಂತ್ರ ಮಾಡಿದವರು ಯಾವ ಪತ್ರಾವನ್ನೂ ಸುಮ್ಮನೆ ಇಟ್ಟಿರುವುದಿಲ್ಲ.

ಸರಿ ಮಾಡಿದ ಬಗೆ

ಮೊದಲು ಪತ್ರಾ. ಗುಜರಿಯಲ್ಲಿ ಹುಡುಕಿದರೆ ಒಂದು ತುಂಡು ಸಿಕ್ಕಿತು. ಇನ್ನೊಂದಕ್ಕೆ ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದರಂತೆ ತಗಡು ಮಡಿಚಿಸಿ ಕೂರಿಸಿದೆವು. ಗಾಳಿ ಫಿನ್ನುಗಳ ನಡುವಿನಿಂದಲೇ ಹಾಯ್ದು ಹೋಗಬೇಕು, ಬಿಟ್ಟು ಬೇರೆ ಸಂದಿಯಿಂದ ಓಡಿ ಹೋಗಬಾರದು. ಇದೇ ಅಳತೆಗೋಲು.

ಫಿನ್ನಿನ ಬಣ್ಣ ಕೆರೆದು ತೆಗೆದೆವು. ತುಕ್ಕು ಹಿಡಿಯದ ಹಾಗೆ ಬಿಸಿ ತಡೆಯುವ ಬಣ್ಣ ಒಂದೇ ಒಂದು ತೆಳು ಕೈ ಸಾಕು. ಆಯಿಲ್ ಸೋರುವಲ್ಲಿ ಪ್ಯಾಕಿಂಗ್ ಬದಲಿಸಿದೆವು. ಬ್ಲೋವರ್ ಬೆಲ್ಟ್ ಸಡಿಲಿತ್ತು, ಬಿಗಿ ಮಾಡಿದೆವು. ಬೆಲ್ಟ್ ಹರಿದರೆ ಒಂದು ನಿಮಿಷವೂ ಇಂಜಿನ್ ಓಡಿಸಬಾರದು. ಒಂದು ಬೆಲ್ಟ್ ಯಾವಾಗಲೂ ಪೆಟ್ಟಿಗೆಯಲ್ಲಿ ಇರಲಿ.

ವಾಲ್ವಿನ ಸಂದನ್ನು ಇಂಜಿನ್ ತಣ್ಣಗಿದ್ದಾಗ, ಕಂಪನಿ ಪುಸ್ತಕದಲ್ಲಿ ಕೊಟ್ಟ ಅಳತೆಗೆ, ಫೀಲರ್ ಗೇಜ್ ಹಾಕಿಯೇ ಇಟ್ಟುಕೊಳ್ಳಬೇಕು. ಕಣ್ಣಳತೆ ನಡೆಯುವುದಿಲ್ಲ.

ಸೈಲೆನ್ಸರನ್ನು ಮತ್ತೆ ಎತ್ತಿ ನಿಲ್ಲಿಸಿದೆವು. ಹೆಡ್ಡಿಗೆ ಸೇರುವ ಕಡೆ ಹೊಸ ಗ್ಯಾಸ್ಕೆಟ್ ಹಾಕಿದೆವು. ಇಲ್ಲಿ ಹೊಗೆ ಸೋರಿದರೆ ಬಿಸಿ ಗಾಳಿಯನ್ನೇ ಬ್ಲೋವರ್ ಮತ್ತೆ ಎಳಕೊಳ್ಳುತ್ತದೆ. ಸೋರಿಕೆ ಹಿಡಿಯುವುದು ಸುಲಭ. ಸೋರುವಲ್ಲಿ ಕರಿ ಮಸಿಯ ಗೆರೆ ಬಿದ್ದಿರುತ್ತದೆ, ತಣ್ಣಗಿದ್ದಾಗ ಚಾಲೂ ಮಾಡಿದರೆ ‘ಟಕ್ ಟಕ್’ ಸಪ್ಪಳ ಬರುತ್ತದೆ. ಸೈಲೆನ್ಸರಿನ ಒಳಗೆ ಮಸಿ ತುಂಬಿತ್ತು, ಅದನ್ನೂ ತೆಗೆದೆವು. ಮಸಿ ಕಟ್ಟಿದರೆ ಹೊಗೆ ಹೊರಗೆ ಹೋಗಲಾರದೆ ಹೆಡ್ಡಿನಲ್ಲೇ ಬಿಸಿ ನಿಲ್ಲುತ್ತದೆ. ಕೆಂಡವಾದ ಮಸಿಯ ಚೂರು ಕಿಡಿಯಾಗಿ ಹಾರುವುದೂ ಉಂಟು. ಕಿಡಿ ತಡೆಯುವ ಜಾಳಿಗೆ ಸಿಗುತ್ತದೆ, ಅದನ್ನು ಬಾಯಿಗೆ ಹಾಕಿಸಿದೆ. ಪೆಟ್ರೋಲ್ ಸಾಗಿಸುವ ಟ್ಯಾಂಕರುಗಳಿಗೂ ಇಂಥದ್ದು ಇರುತ್ತದೆ. ಜಾಳಿಗೆ ಮಸಿಯಿಂದ ಕಟ್ಟಿಕೊಳ್ಳುತ್ತದೆ, ಆಗಾಗ ಬಿಚ್ಚಿ ಜಾಡಿಸಬೇಕು.

ಕಡೆಗೆ ಸೈಲೆನ್ಸರ್ ಸುತ್ತ ತೂತು ಇರುವ ಒಂದು ಪತ್ರಾ ಮರೆ. ಸೈಲೆನ್ಸರಿಗೂ ಮರೆಗೂ ನಡುವೆ ಒಂದೆರಡು ಬೆರಳು ಸಂದು ಬಿಟ್ಟು, ಕೆಳಗೆ ಮೇಲೆ ತೆರೆದಿಟ್ಟೆವು. ಬಿಸಿ ಗಾಳಿ ಮೇಲಕ್ಕೆ ಹೋದಂತೆ ಕೆಳಗಿನಿಂದ ತಣ್ಣನೆ ಗಾಳಿ ತಾನೇ ಬರುತ್ತದೆ. ಸಂದು ಬಿಡದೆ ತಗಡು ಒತ್ತಿ ಬಡಿದರೆ ಆ ತಗಡೂ ಅಷ್ಟೇ ಕಾಯುತ್ತದೆ, ಏನೂ ಲಾಭವಿಲ್ಲ.

ಹಗ್ಗ ಸುತ್ತಬೇಡಿ

ಕೆಲವರು ಸೈಲೆನ್ಸರ್ ಪೈಪಿಗೆ ಹಗ್ಗದಂಥ ಪಟ್ಟಿ ಸುತ್ತುತ್ತಾರೆ. ಹೊರಗಿನ ಬಿಸಿ ಕಡಿಮೆ ಆಗುವುದು ಖರೆ. ಆದರೆ ನಮ್ಮ ಕಬ್ಬಿಣದ ಪೈಪಿಗೆ ಪಟ್ಟಿಯೊಳಗೆ ಮಳೆನೀರು, ಇಬ್ಬನಿ ನಿಂತು ತುಕ್ಕು ಹಿಡಿಯುತ್ತದೆ. ಪೈಪು ಬಿರಿದರೂ ಕಾಣುವುದಿಲ್ಲ. ಪಟ್ಟಿಯ ಮೇಲೆ ಡೀಸೆಲ್, ಆಯಿಲ್ ಬಿದ್ದರೆ ಅದೇ ಬತ್ತಿ ಆಗುತ್ತದೆ.

ಇನ್ನೊಂದು ಎಚ್ಚರ. ಹಳೆ ಗಾಡಿಗಳ ಬಿಳಿ ಹಗ್ಗ, ಹಳೆ ಪ್ಯಾಕಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಎದೆಗೆ ಹೋದರೆ ಶ್ವಾಸಕೋಶದ ರೋಗ, ಕ್ಯಾನ್ಸರ್ ಕೂಡ ಬರಬಹುದು, ಅದೂ ಎಷ್ಟೋ ವರ್ಷದ ಮೇಲೆ. ಅದನ್ನು ಬಡಿದು, ತಿಕ್ಕಿ, ಗಾಳಿ ಊದಿ ತೆಗೆಯಬಾರದು. ನೀರಿನಿಂದ ನೆನೆಸಿ, ಮೂಗಿಗೆ ಮಾಸ್ಕ್ ಹಾಕಿ ತೆಗೆದು, ಚೀಲದಲ್ಲಿ ಕಟ್ಟಿಡಿ. ಮಕ್ಕಳ ಕೈಗೆ ಕೊಡಬೇಡಿ.

ಕರಿ ಹೊಗೆ ಬಂದರೆ ಹುರುಪಲ್ಲ

“ಹೊಗಿ ಹೆಂಗ ಬಿಡತೇತಿ ನೋಡು, ಭಾರೀ ಪವರ್” ಅನ್ನುವ ಹುಡುಗರಿದ್ದಾರೆ. ಕರಿ ಹೊಗೆ ಅಂದರೆ ಡೀಸೆಲ್ ಪೂರ್ತಿ ಸುಡದೆ ಹೋಗುತ್ತಿದೆ ಅಂತ ಅರ್ಥ. ಏರ್ ಫಿಲ್ಟರ್ ಕಟ್ಟಿರಬೇಕು, ನಾಝಲ್ ಕೆಟ್ಟಿರಬೇಕು, ಪಂಪಿನಲ್ಲಿ ಡೀಸೆಲ್ ಹೆಚ್ಚು ಬಿಟ್ಟಿರಬೇಕು, ಇಲ್ಲವೇ ಭಾರ ಮೀರಿರಬೇಕು. ಡೀಸೆಲ್ ಇಂಜಿನ್ನಿಗೆ ಎಣ್ಣೆ ಹೆಚ್ಚಾದಷ್ಟೂ ಹೊಗೆಯ ಬಿಸಿ ಹೆಚ್ಚು. ಡೀಸೆಲ್ ಬೀಳುವ ಟೈಮಿಂಗ್ ತಡವಾದರೂ ಹಾಗೆಯೇ.

ಹಳೆ ಬುಲೆಟ್, ಯೆಜ್ಡಿ ರಿಪೇರಿ ಮಾಡಿಸಿ ಓಡಿಸುವವರು ನಿಪ್ಪಾಣಿ, ಕಾಗವಾಡ ಕಡೆ ಬಹಳ ಮಂದಿ ಇದ್ದಾರೆ. ಮೈಸೂರಿನ ಯೆಜ್ಡಿ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಆ ಗಾಡಿಗಳು ಇನ್ನೂ ಓಡುತ್ತಿವೆ. ಅವೂ ಗಾಳಿಯಿಂದ ತಣಿಯುವ ಇಂಜಿನ್ನುಗಳೇ. ಆದರೆ ಪೆಟ್ರೋಲಿನ ಲೆಕ್ಕ ಉಲ್ಟಾ. ‘ಆವರೇಜ್ ಬರಲಿ’ ಅಂತ ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಅತಿ ಕಡಿಮೆ ಮಾಡಿದರೆ ಇಂಜಿನ್ ಕಾಯುತ್ತದೆ, ಸೈಲೆನ್ಸರ್ ಪೈಪು ನೀಲಿಗಟ್ಟುತ್ತದೆ, ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯ ಪಿಸ್ಟನ್ ಜಾಮ್ ಆಗುತ್ತದೆ. ಒಣ ತಂಬಾಕು, ರವದಿ ಬಿದ್ದಲ್ಲಿ ಅಂಥಾ ಗಾಡಿ ತಂದು ನಿಲ್ಲಿಸಬೇಡಿ.

ಕಣದಲ್ಲಿ ನಾನು ಪಾಲಿಸುವ ನಿಯಮ

1. ಬಣಿವಿಯಿಂದ ದೂರ, ಗಾಳಿ ನೋಡಿ ಟ್ರ್ಯಾಕ್ಟರ್ ನಿಲ್ಲಿಸುವುದು. ಸೈಲೆನ್ಸರಿನ ಗಾಳಿ ಬಣಿವಿಯ ಕಡೆ ಹೋಗಬಾರದು, ರಾಶಿ ಮಷೀನಿನ ಹೊಟ್ಟು ಟ್ರ್ಯಾಕ್ಟರಿನ ಕಡೆ ಬರಬಾರದು.

2. ತಾಸಿಗೊಮ್ಮೆ ಕೆಲಸ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಸೈಲೆನ್ಸರ್, ಬ್ಲೋವರ್ ಬಾಯಿ, ಫಿನ್ನಿನ ಮೇಲಿನ ಹೊಟ್ಟು ಬ್ರಷ್‌ನಿಂದ ಜಾಡಿಸುವುದು.

3. ಭಾರ ತೆಗೆದ ಕೂಡಲೇ ಬಂದ್ ಮಾಡುವುದಿಲ್ಲ. ಎರಡು ಮೂರು ನಿಮಿಷ ಸ್ಲೋದಲ್ಲಿ ಬಿಟ್ಟು, ಬ್ಲೋವರ್ ಇಂಜಿನ್ನನ್ನು ತಣಿಸಿದ ಮೇಲೆ ಬಂದ್ ಮಾಡುವುದು.

4. ಕಾದ ಹೆಡ್ಡಿಗೆ, ಸೈಲೆನ್ಸರಿಗೆ ನೀರು ಹೊಡೆಯುವುದಿಲ್ಲ. ಬೀಡು ಬಿರಿಯುತ್ತದೆ. ತೊಳೆಯುವುದು ಮರುದಿನ ಮುಂಜಾನೆ.

5. ಡೀಸೆಲ್ ಹಾಕುವುದು ಇಂಜಿನ್ ಬಂದ್ ಮಾಡಿ, ತಣಿದ ಮೇಲೆ. ಡೀಸೆಲ್ ಪೈಪು ಸೈಲೆನ್ಸರಿಗೆ ತಾಗದಂತೆ ಕಟ್ಟುವುದು.

6. ಒಂದು ಡ್ರಮ್ ನೀರು, ಎರಡು ಬಕೆಟ್, ನಾಲ್ಕು ತೋಯ್ದ ಗೋಣಿಚೀಲ, ಒಂದು ಬುಟ್ಟಿ ಉಸುಕು ಕಣದಲ್ಲಿ ಇರಲೇಬೇಕು. ಡೀಸೆಲ್ ಹತ್ತಿದರೆ ನೀರಲ್ಲ, ಉಸುಕು.

7. ಬಣಿವಿ ಒಂದೇ ಕಡೆ ಒಟ್ಟುವುದಿಲ್ಲ. ಈಗ ಎರಡು ಒಟ್ಟುತ್ತೇನೆ, ನಡುವೆ ಚಲೋ ಅಂತರ ಬಿಟ್ಟು.

ಇನ್ನೊಂದು ಸುಲಭ ಪರೀಕ್ಷೆ. ಕತ್ತಲಾದ ಮೇಲೆ ಭಾರ ಹಚ್ಚಿದಾಗ ಸೈಲೆನ್ಸರಿನ ಬುಡ ನೋಡಿ. ಕಬ್ಬಿಣ ಕೆಂಪಗೆ ಕಂಡರೆ ಅದು 500 ಡಿಗ್ರಿ ದಾಟಿದೆ ಅಂತ ತಿಳಿಯಿರಿ. ಅಂದೇ ಭಾರ ಇಳಿಸಿ ಮಿಸ್ತ್ರಿಗೆ ತೋರಿಸಿ.

ಮರು ವರ್ಷ

ಮರು ವರ್ಷದ ರಾಶಿಗೆ ಇದೇ ಟ್ರ್ಯಾಕ್ಟರ್ ನಿಲ್ಲಿಸಿದೆ. ಎರಡು ದಿನ ಓಡಿತು. ಮನೆಯಾಕೆ ಮಾತ್ರ ಎರಡೂ ದಿನ ಬಕೆಟ್ ಬಿಟ್ಟು ಅತ್ತಿತ್ತ ಸರಿಯಲಿಲ್ಲ. ತಾಸಿಗೊಮ್ಮೆ ಸೈಲೆನ್ಸರ್ ಜಾಡಿಸಿದಾಗ ಬ್ರಷ್‌ಗೆ ಬಂದ ಹೊಟ್ಟು ನೋಡಿ, ಹೋದ ವರ್ಷ ಇದೇ ಅಲ್ಲವೇ ಕೂತು ಹತ್ತಿದ್ದು ಅನಿಸುತ್ತಿತ್ತು. ಜಾಡಿಸುವುದು ಬಿಟ್ಟರೆ ಎಂಥಾ ಪತ್ರಾ ಹಾಕಿದರೂ ಬೆಂಕಿ ಹತ್ತುವುದೇ. ಮರೆ, ಜಾಳಿಗೆ ಇವೆಲ್ಲ ಅಪಾಯ ಕಡಿಮೆ ಮಾಡುತ್ತವೆ, ಇಲ್ಲದಂತೆ ಮಾಡುವುದಿಲ್ಲ.

ಖರ್ಚು ಹೆಚ್ಚೇನೂ ಆಗಲಿಲ್ಲ. ಬಣ್ಣಕ್ಕೆ ಸುರಿದ ದುಡ್ಡಿಗಿಂತ ಕಡಿಮೆಯೇ. ಅದನ್ನು ಮೊದಲೇ ಮಾಡಿದ್ದರೆ ಎಮ್ಮಿ ಹಟ್ಟಿಯಲ್ಲಿ ಇರುತ್ತಿತ್ತು.

ರೈತ ಬಾಂಧವರೆ, ಹಳೆ ಗಾಡಿ ಎಬ್ಬಿಸುವುದು ಒಳ್ಳೆಯದೇ. ಸಾಲ ತಪ್ಪುತ್ತದೆ, ಚಲೋ ಯಂತ್ರ ಗುಜರಿಗೆ ಹೋಗುವುದು ತಪ್ಪುತ್ತದೆ. ಆದರೆ ಬಿಚ್ಚುವಾಗ ಒಂದೊಂದು ಪತ್ರಾ, ಒಂದೊಂದು ಬೋಲ್ಟು ಚೀಲದಲ್ಲಿ ಹಾಕಿಡಿ. ಎಲ್ಲಿಂದ ತೆಗೆದದ್ದು ಅಂತ ಚೀಟಿ ಬರೆದಿಡಿ. ಬಣ್ಣದ ಡಬ್ಬಿ ಬಿಚ್ಚುವುದು ಎಲ್ಲಕ್ಕಿಂತ ಕಡೆಗೆ ಇರಲಿ.