ಇರುಳಿನ ಮಸೂರ, ಹಗಲಿನ ನೋಟ

ಕೈಯಲ್ಲಿರುವ ಪುಸ್ತಕ ಸ್ಪಷ್ಟ, ಕರಿಹಲಗೆಯ ಅಕ್ಷರ ಮಸುಕು: ಇದೇ ಹ್ರಸ್ವದೃಷ್ಟಿ. ಮಕ್ಕಳಲ್ಲಿ ಸಾಮಾನ್ಯವಾಗಿ ಇದಕ್ಕೆ ಕಾರಣ, ಕಣ್ಣುಗುಡ್ಡೆಯು ಅಗತ್ಯಕ್ಕಿಂತ ಉದ್ದವಾಗಿ ಬೆಳೆಯುವುದು. ಆಗ ದೂರದ ವಸ್ತುವಿನ ಬಿಂಬವು ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ನಾವು ಧರಿಸುವ ನಿಮ್ನ ಮಸೂರದ ಸಾಮಾನ್ಯ ಕನ್ನಡಕವು ಬಿಂಬವನ್ನು ಹಿಂದಕ್ಕೆ ಸರಿಸುತ್ತದೆ. ಕಣ್ಣಿನ ಬೆಳವಣಿಗೆಯನ್ನು ತಡೆಯದು. ಉದ್ದವು 1 ಮಿಲಿಮೀಟರ್ ಹೆಚ್ಚಿದರೆ ದೋಷವು ಸುಮಾರು 2.5 ಡಯಾಪ್ಟರ್ ಏರುತ್ತದೆ. ಹೀಗೆ ಬೆಳೆದ ಕಣ್ಣು ಮರಳಿ ಮೊದಲಿನಂತಾಗದು. ಬಹಳ ಉದ್ದವಾದರೆ ಅಕ್ಷಿಪಟಲವೇ ಕಳಚಿಕೊಳ್ಳುವ ಅಪಾಯವುಂಟು.

ಈ ಬೆಳವಣಿಗೆಯನ್ನು ನಿಧಾನಗೊಳಿಸುವ ಉಪಾಯಗಳಲ್ಲೊಂದು ಆರ್ಥೋಕೆರಟಾಲಜಿ. ಮಗುವು ಮಲಗುವಾಗ, ಆಮ್ಲಜನಕವನ್ನು ಹಾಯಗೊಡುವ ಗಡಸು ಸ್ಪರ್ಶಮಸೂರವನ್ನು ಧರಿಸುತ್ತದೆ. ಅದು ಕಾರ್ನಿಯದ ನಡುಭಾಗವನ್ನು ತುಸು ಚಪ್ಪಟೆಯಾಗಿಸಿ, ಸುತ್ತಲಿನ ವಲಯದ ಬಾಗನ್ನು ಹೆಚ್ಚಿಸುತ್ತದೆ. ಬೆಳಿಗ್ಗೆ ಮಸೂರವನ್ನು ತೆಗೆದರೆ ಹಗಲಿನಲ್ಲಿ ಕನ್ನಡಕವಿಲ್ಲದೆಯೇ ನೋಟ ಸ್ಪಷ್ಟ. ಅಂಚಿನ ಕಿರಣಗಳು ಅಕ್ಷಿಪಟಲದ ಮುಂದೆ ಕೂಡುವುದರಿಂದ ಕಣ್ಣು ಉದ್ದವಾಗಲು ದೊರೆಯುವ ಪ್ರಚೋದನೆ ತಗ್ಗುತ್ತದೆಂದು ವಿಜ್ಞಾನಿಗಳ ಊಹೆ.

ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾನಿಲಯದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಕನ್ನಡಕ ಧರಿಸಿದ ಮಕ್ಕಳ ಕಣ್ಣು ಸರಾಸರಿ 0.63 ಮಿ.ಮೀ. ಬೆಳೆದರೆ, ಇರುಳಿನ ಮಸೂರ ಧರಿಸಿದವರದು 0.36 ಮಿ.ಮೀ. ಬೆಳೆಯಿತು, ಅಂದರೆ ಶೇಕಡ 43ರಷ್ಟು ಕಡಿಮೆ. ಬೆಳವಣಿಗೆ ತಗ್ಗಿತು, ನಿಲ್ಲಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಮಸೂರವನ್ನು ಬಿಟ್ಟರೆ ಕಾರ್ನಿಯವು ಮೊದಲಿನ ಆಕಾರಕ್ಕೆ ಮರಳುತ್ತದೆ. ಶುಚಿತ್ವದಲ್ಲಂತೂ ಅಜಾಗರೂಕತೆ ಸಲ್ಲದು. ನಲ್ಲಿಯ ನೀರಿನಲ್ಲಿ ತೊಳೆದ ಮಸೂರದಿಂದ ಸೋಂಕು ತಗುಲಿ ದೃಷ್ಟಿಯೇ ನಷ್ಟವಾಗಬಹುದು. ಆದುದರಿಂದ ನೇತ್ರತಜ್ಞರ ಮೇಲ್ವಿಚಾರಣೆಯಿಲ್ಲದೆ ಇದಕ್ಕೆ ಕೈಹಾಕಬಾರದು. ನೋಟವನ್ನು ಉಳಿಸಲು ಹೊರಟ ನಾವು ಕಣ್ಣನ್ನೇ ಕಳೆದುಕೊಳ್ಳುವಂತಾಗಬಾರದಷ್ಟೆ!