ಎದುರುಬದುರು ಕುಳಿತು ಮಾತಾಡುವ ಪಾಠ

ಮಗನೋ ಮಗಳೋ ಓದಲೆಂದು ದೂರದ ವಿಶ್ವವಿದ್ಯಾಲಯಕ್ಕೆ ಹೊರಟಾಗ ನಾವು ವಿಚಾರಿಸುವ ಮಾತುಗಳು ಬಹುತೇಕ ಒಂದೇ. ಊಟದ ವ್ಯವಸ್ಥೆ ಹೇಗೆ? ಫೀ ಎಷ್ಟು? ಹಾಸ್ಟೆಲಿನಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ? ನಮ್ಮವರಲ್ಲದವರ ಜೊತೆ ಮಗು ಹೇಗೆ ಹೊಂದಿಕೊಂಡೀತು ಎಂದು ಕೇಳುವವರು ಕಡಿಮೆ. ಆದರೆ ದಿನ ಕಳೆಯಬೇಕಾದದ್ದು ಹೆಚ್ಚಾಗಿ ಅವರ ಜೊತೆಗೇ. ಈ ಹೊಂದಾಣಿಕೆಯನ್ನೇ ಒಂದು ಪಾಠವನ್ನಾಗಿ ಮಾಡಿದ ಅಮೆರಿಕದ ಒಂದು ವಿಶ್ವವಿದ್ಯಾಲಯದ ಸಂಗತಿಯನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ಜಗಳದಿಂದ ಹುಟ್ಟಿದ ಪಾಠ

ಆನ್ ಆರ್ಬರ್ ಎಂಬ ಊರಿನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯ 1817ರಲ್ಲಿ ಸ್ಥಾಪನೆಯಾದದ್ದು, ಬಹಳ ಹೆಸರುಳ್ಳದ್ದು. ಆದರೂ 1987ರ ಆರಂಭದಲ್ಲಿ ಅಲ್ಲಿ ತಲೆ ತಗ್ಗಿಸುವಂಥ ಘಟನೆಗಳು ನಡೆದವು. ಕಪ್ಪು ಜನಾಂಗದ ವಿದ್ಯಾರ್ಥಿನಿಯರು ಸಭೆ ಸೇರಿದ್ದ ಹಾಸ್ಟೆಲ್ ಕೋಣೆಯ ಬಾಗಿಲಡಿಯಿಂದ ಅವರ ಜನಾಂಗವನ್ನು ಹೀನಾಯವಾಗಿ ಬೈದ ಚೀಟಿಯನ್ನು ಒಳಗೆ ತೂರಲಾಯಿತು. ಮುಂದೆ ಕೆಲವೇ ದಿನಗಳಲ್ಲಿ ವಿದ್ಯಾರ್ಥಿಗಳ ರೇಡಿಯೋ ಕೇಂದ್ರದಿಂದ ಅದೇ ಜನರನ್ನು ಗೇಲಿ ಮಾಡುವ ಚಟಾಕಿಗಳು ಪ್ರಸಾರವಾದವು. ನೊಂದ ವಿದ್ಯಾರ್ಥಿಗಳು ಪ್ರತಿಭಟನೆಗೆ ಇಳಿದರು.

ವಿಶ್ವವಿದ್ಯಾಲಯ ಎರಡು ದಾರಿ ಹಿಡಿಯಿತು. ಒಂದು ದಂಡದ ದಾರಿ. ಜನಾಂಗ, ಧರ್ಮ, ಲಿಂಗ ಮುಂತಾದವುಗಳ ಕಾರಣದಿಂದ ಇನ್ನೊಬ್ಬರನ್ನು ಹೀಯಾಳಿಸಿದರೆ ಶಿಕ್ಷೆ ಎಂದು 1988ರಲ್ಲಿ ನಿಯಮ ಮಾಡಿತು. ವಿದ್ಯಾರ್ಥಿಯೊಬ್ಬ ದಾವೆ ಹೂಡಿದ. 1989ರಲ್ಲಿ ಫೆಡರಲ್ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. ಯಾವ ಮಾತು ಅಪರಾಧ, ಯಾವುದು ಅಲ್ಲ ಎಂಬುದೇ ಅದರಲ್ಲಿ ಸ್ಪಷ್ಟವಿಲ್ಲ, ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆ ಎಂಬುದು ತೀರ್ಪಿನ ಸಾರ.

ಎರಡನೆಯದು ಮಾತುಕತೆಯ ದಾರಿ. ಅದೇ 1988ರಲ್ಲಿ ಗುಂಪು ಗುಂಪುಗಳ ನಡುವಿನ ಸಂಬಂಧ ಕುರಿತು ಒಂದು ಕಾರ್ಯಕ್ರಮ ಶುರುವಾಯಿತು. ಅಲ್ಲಿ ಅದನ್ನು ‘ಇಂಟರ್‌ಗ್ರೂಪ್ ರಿಲೇಷನ್ಸ್’ ಎನ್ನುತ್ತಾರೆ. ದಂಡದ ನಿಯಮ ಮರುವರ್ಷವೇ ಕೋರ್ಟಿನಲ್ಲಿ ಬಿದ್ದುಹೋಯಿತು. ಮಾತುಕತೆ ಮೂರು ದಶಕ ದಾಟಿ ನಡೆದು ಬಂತು.

ನಡೆಯುವ ಬಗೆ

ಒಂದೊಂದು ಗುಂಪಿನಲ್ಲಿ ಹನ್ನೆರಡರಿಂದ ಹದಿನಾರು ವಿದ್ಯಾರ್ಥಿಗಳು. ಬಿಳಿಯರು ಮತ್ತು ಇತರ ಜನಾಂಗದವರು, ಇಲ್ಲವೇ ಹುಡುಗರು ಮತ್ತು ಹುಡುಗಿಯರು, ಹೀಗೆ ಎರಡೂ ಕಡೆಯವರು ಆದಷ್ಟು ಸಮಸಮನಾಗಿ ಇರಬೇಕು. ಹತ್ತು ಜನರ ನಡುವೆ ಒಬ್ಬನನ್ನೇ ಕೂರಿಸಿದರೆ ಅವನು ತನ್ನ ಇಡೀ ಜನಾಂಗದ ವಕೀಲನಾಗಬೇಕಾಗುತ್ತದೆ. ನಡೆಸಿಕೊಡುವವರು ಇಬ್ಬರು, ಎರಡೂ ಕಡೆಯಿಂದ ಒಬ್ಬೊಬ್ಬರು. ಅವರು ಪ್ರಾಧ್ಯಾಪಕರಲ್ಲ, ತರಬೇತಿ ಪಡೆದ ವಿದ್ಯಾರ್ಥಿಗಳೇ. ವಾರಕ್ಕೊಮ್ಮೆ ಎರಡು ಮೂರು ತಾಸಿನಂತೆ ಇದು ಒಂದು ಅವಧಿ ಪೂರ್ತಿ ನಡೆಯುತ್ತದೆ. ಬೇರೆ ಪಾಠಗಳಂತೆ ಇದೂ ಪದವಿಯ ಲೆಕ್ಕಕ್ಕೆ ಸೇರುತ್ತದೆ.

ಹಂತಗಳು ನಾಲ್ಕು. ಮೊದಲು ಪರಿಚಯ ಮತ್ತು ಕಟ್ಟುಪಾಡು. ಇಲ್ಲಿ ಆಡಿದ್ದು ಹೊರಗೆ ಹೋಗಕೂಡದು. ‘ನೀವೆಲ್ಲ ಹೀಗೇ’ ಎನ್ನದೆ ‘ನನಗೆ ಹೀಗಾಯಿತು’ ಎಂದು ಹೇಳಬೇಕು. ಎರಡನೆಯ ಹಂತದಲ್ಲಿ ಒಬ್ಬೊಬ್ಬರೂ ತಾವು ಬೆಳೆದ ಬಗೆ ಹೇಳುತ್ತಾರೆ. ಇದಕ್ಕೊಂದು ಒಳ್ಳೆಯ ಉಪಾಯವಿದೆ. ಒಂದು ಕಡೆಯವರು ನಡುವೆ ದುಂಡಗೆ ಕುಳಿತು ಮಾತಾಡುತ್ತಾರೆ. ಇನ್ನೊಂದು ಕಡೆಯವರು ಸುತ್ತ ಕುಳಿತು ಬಾಯಿ ತೆರೆಯದೆ ಕೇಳುತ್ತಾರೆ. ಆಮೇಲೆ ಜಾಗ ಅದಲುಬದಲು. ಮೂರನೆಯದರಲ್ಲಿ ಜಗಳಕ್ಕೆ ಕಾರಣವಾಗುವ ವಿಷಯಗಳನ್ನೇ ಎತ್ತಿಕೊಳ್ಳುತ್ತಾರೆ. ನಾಲ್ಕನೆಯದು, ಮುಂದೆ ಕೂಡಿ ಏನು ಮಾಡಬಹುದೆಂಬ ವಿಚಾರ.

ಜಗಳದ ವಿಷಯ ಮೂರನೆಯದಕ್ಕೆ ಏಕೆ? ವ್ಯಾಪಾರಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಆಸಾಮಿಯ ಜೊತೆ ಮೊದಲ ದಿನವೇ ದೊಡ್ಡ ಉದ್ರಿ ವ್ಯವಹಾರ ಯಾರೂ ಮಾಡುವುದಿಲ್ಲ. ವಿಶ್ವಾಸ ಕೂಡಿದ ಮೇಲೆ ಕಷ್ಟದ ಮಾತೂ ಸಲೀಸು.

ವಾದದಲ್ಲಿ ನಾವು ಎದುರಿನವನ ಮಾತಿನಲ್ಲಿ ತಪ್ಪು ಹುಡುಕಲು ಕೇಳುತ್ತೇವೆ. ಸಂವಾದದಲ್ಲಿ ಅವನು ಹಾಗೇಕೆ ಹೇಳುತ್ತಾನೆಂದು ತಿಳಿಯಲು ಕೇಳುತ್ತೇವೆ. ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ. ಅನೇಕಾಂತದ ಹೆಸರು ಕೇಳುತ್ತಲೇ ಬೆಳೆದ ನಮಗೆ ಇದು ಹೊಸ ತತ್ತ್ವವಲ್ಲ. ಆದರೆ ಅವರು ಅದಕ್ಕೆ ತರಗತಿಯ ವೇಳಾಪಟ್ಟಿಯಲ್ಲಿ ಜಾಗ ಕೊಟ್ಟರೆಂಬುದು ಗಮನಿಸತಕ್ಕದ್ದು.

ಫಲ ಸಿಕ್ಕಿತೇ?

ಇದನ್ನು ಅಲ್ಲಿಯವರೂ ಕೇಳಿಕೊಂಡರು. ಮಿಷಿಗನ್ ಸೇರಿದಂತೆ ಒಂಬತ್ತು ಕಾಲೇಜು-ವಿಶ್ವವಿದ್ಯಾಲಯಗಳು ಕೂಡಿ ಪರೀಕ್ಷೆ ನಡೆಸಿದವು. ಸೇರಲು ಅರ್ಜಿ ಹಾಕಿದವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಸೇರಿಸಿಕೊಂಡು, ಉಳಿದವರನ್ನು ಹೊರಗಿಟ್ಟು, ಎರಡೂ ತಂಡಗಳನ್ನು ಮೊದಲು, ಕೊನೆಗೆ ಮತ್ತು ಒಂದು ವರ್ಷದ ಬಳಿಕ ಪ್ರಶ್ನಿಸಿದರು. ಪೆಟ್ರೀಷಿಯಾ ಗುರಿನ್, ಬೀರೇನ್ ನಾಗ್ಡಾ, ಹಿಮೆನಾ ಜುನಿಗಾ ಅವರು 2013ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಸಂವಾದದಲ್ಲಿ ಕುಳಿತವರಲ್ಲಿ ಪರರ ನೋವು ಅರಿಯುವ ಗುಣ ಹೆಚ್ಚಿತ್ತು, ವರ್ಷದ ಮೇಲೂ ಅದರ ಪರಿಣಾಮ ಉಳಿದಿತ್ತು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ವಿದ್ಯಾರ್ಥಿಗಳೇ ಇಂಥದೊಂದು ಕೂಟ ಆರಂಭಿಸಿದರು. ಅದರ ಪದ್ಧತಿ ಹೆರಾಲ್ಡ್ ಸಾಂಡರ್ಸ್ ಎಂಬ ರಾಜತಾಂತ್ರಿಕರದು. 1978ರ ಕ್ಯಾಂಪ್ ಡೇವಿಡ್ ಒಪ್ಪಂದದಲ್ಲಿ ದುಡಿದವರು ಅವರು. ಅಂತರ್ಯುದ್ಧದಲ್ಲಿದ್ದ ತಜಿಕಿಸ್ತಾನದ ಎದುರಾಳಿಗಳನ್ನು 1993ರಿಂದ ಒಂದೇ ಮೇಜಿನ ಸುತ್ತ ಮತ್ತೆ ಮತ್ತೆ ಕೂರಿಸಿದವರಲ್ಲಿಯೂ ಅವರಿದ್ದರು.

ಆಕ್ಷೇಪಗಳೂ ಇವೆ. ತಾವಾಗಿ ಬರುವವರು ಮೊದಲೇ ಒಳ್ಳೆಯ ಮನಸ್ಸಿನವರು, ಚೀಟಿ ತೂರುವವನು ಬರುವನೇ? ನೊಂದವರೇ ಪ್ರತಿಸಲ ತಮ್ಮ ಗಾಯ ಬಿಚ್ಚಿ ಇತರರಿಗೆ ತಿಳಿಹೇಳಬೇಕೇ? ಇವು ತಳ್ಳಿಹಾಕುವ ಮಾತಲ್ಲ. ಆದ್ದರಿಂದಲೇ ಸುತ್ತ ಕುಳಿತು ಸುಮ್ಮನೆ ಕೇಳುವ ಆ ಅಭ್ಯಾಸಕ್ಕೆ ಬೆಲೆ. ಅಲ್ಲಿ ಹೆಚ್ಚಿನ ಶ್ರಮ ಕೇಳುವವನದು.

ನಮ್ಮ ಮನೆಗಳಲ್ಲೂ ಈ ಶ್ರಮಕ್ಕೆ ಅವಕಾಶವಿದೆ. ರಜೆಗೆ ಬಂದ ಮಗ ಅಥವಾ ಮಗಳು ನಮಗೆ ಒಗ್ಗದ ವಿಚಾರವೊಂದನ್ನು ಊಟದ ಹೊತ್ತಿಗೆ ತೆಗೆದರೆ, ಅರ್ಧಕ್ಕೇ ಬಾಯಿ ಮುಚ್ಚಿಸದೆ ಪೂರ್ತಿ ಕೇಳೋಣ. ನಮ್ಮ ಮಾತನ್ನು ಆಮೇಲೆ ಹೇಳಿದರಾಯಿತು.